ಆಯಿಲ್ ಕಡ್ಡಿ

ಸರ್ವೀಸ್ ಮುಗಿಸಿಕೊಂಡು ಬಂದ ಗಾಡಿಯಲ್ಲಿ ನಮ್ಮ ಜನ ಮೊದಲು ನೋಡುವುದು ತೊಳೆದಿದ್ದಾರೋ ಇಲ್ಲವೋ ಎಂದು. ಟೈರಿಗೆ ಕಪ್ಪು ಪಾಲಿಶ್ ಬಿದ್ದಿರಬೇಕು, ಕಾಲಡಿಯ ಮ್ಯಾಟಿನ ಮೇಲೆ ಕಾಗದ ಹಾಸಿರಬೇಕು, ಬಾಗಿಲು ತೆಗೆದರೆ ಘಮ್ಮೆನ್ನಬೇಕು. ಆಮೇಲೆ ಬಿಲ್ಲು. ಬಿಲ್ಲಿನ ಕೊನೆಯ ಸಾಲನ್ನು ನೋಡಿ ಹಣೆ ಗಂಟಿಕ್ಕುವವರೇ ಎಲ್ಲ. ನಡುವಿನ ಸಾಲುಗಳನ್ನು ಓದುವವರು ಕಡಿಮೆ. ಅಲ್ಲಿ ಇಂಜಿನ್ ಆಯಿಲ್ ಇಷ್ಟು ಲೀಟರ್ ಎಂದು ಅಚ್ಚಾಗಿರುತ್ತದೆ. ಎಷ್ಟು ಎಣ್ಣೆಗೆ ದುಡ್ಡು ತೆಗೆದುಕೊಂಡರು ಎಂಬುದಷ್ಟೇ ಆ ಸಾಲಿನ ಅರ್ಥ. ಇಂಜಿನ್ನಿನ ಹೊಟ್ಟೆಯಲ್ಲಿ ಎಷ್ಟಿದೆ ಎಂದು ಹೇಳಬೇಕಾದ್ದು ಬಾನೆಟ್ಟಿನ ಕೆಳಗೆ ಹಳದಿ ಹಿಡಿ ತೋರಿಸಿಕೊಂಡು ಕೂತಿರುವ ಕಡ್ಡಿ. ಅದನ್ನು ಕೇಳುವವರೇ ಇಲ್ಲ.

ಕೇಳುವ ಒಬ್ಬರು ನನಗೆ ಗೊತ್ತು. ಹರಿಹರದಲ್ಲಿರುವ ನನ್ನ ಸೋದರಮಾವ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಆ ಕಾರ್ಖಾನೆಯಿಂದಾಗಿ ಹರಿಹರದ ಒಂದು ಭಾಗಕ್ಕೆ ಯಂತ್ರಪುರ ಎಂದೇ ಹೆಸರು ಬಿತ್ತು. ಅಲ್ಲಿಂದ ಹೊರಟ ಲೇಥುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ನಿಂತವು. ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷಗಳಾದವು, ಮಾವನ ಅಭ್ಯಾಸಗಳು ಮಾತ್ರ ಇನ್ನೂ ಶಿಫ್ಟಿನಲ್ಲೇ ಇವೆ. ಲೇಥಿನ ಹೆಡ್‌ಸ್ಟಾಕಿನ ಮುಖದಲ್ಲಿ ನಾಣ್ಯದಗಲದ ಒಂದು ಗಾಜಿನ ಕಣ್ಣು ಇರುತ್ತದೆ. ಒಳಗಿನ ಗೇರುಗಳಿಗೆ ಎಣ್ಣೆ ಎಷ್ಟಿದೆ ಎಂದು ಅದರಲ್ಲಿ ಕಾಣುತ್ತದೆ. ಸ್ವಿಚ್ ಹಾಕುವ ಮೊದಲು ಆ ಕಣ್ಣನ್ನು ನೋಡಬೇಕು. “ಎಣ್ಣೆ ಐತೆ ಅಂತ ಫೋರ್‌ಮನ್ ಹೇಳಿದ್ರೆ ಆಗಲ್ಲಪ್ಪಾ, ಗಾಜಿನಾಗೆ ಕಾಣ್ಬೇಕು” ಎನ್ನುವುದು ಅವರ ಮಾತು. ದೇವಸ್ಥಾನದ ಮುಂದೆ ಹಾದುಹೋಗುವಾಗ ಕೈ ಮುಗಿಯುವುದನ್ನು ಮರೆತರೂ ಅವರು ಇದನ್ನು ಮರೆತವರಲ್ಲ.

ನನ್ನ ಡೀಸೆಲ್ ಕಾರನ್ನು ದಾವಣಗೆರೆಯ ಒಂದು ಸರ್ವೀಸ್ ಸೆಂಟರಿನಿಂದ ಬಿಡಿಸಿಕೊಳ್ಳಲು ಹೋದಾಗ ಅವರೂ ಜೊತೆಗಿದ್ದರು. ಕೀ ಕೈಗೆ ಬಂತು. ಅಡ್ವೈಸರ್ ಹುಡುಗ ನಗುನಗುತ್ತಾ, “ಸರ್, ಕಂಪನಿಯಿಂದ ಫೋನ್ ಬರುತ್ತೆ, ಹತ್ತಕ್ಕೆ ಹತ್ತು ಕೊಟ್ಬಿಡಿ” ಎಂದ. ಮಾವ, “ಅದಿರ್ಲಿ, ಬಾನೆಟ್ ಎತ್ತಪ್ಪಾ” ಎಂದರು. ಹುಡುಗನ ನಗು ಅರ್ಧಕ್ಕೆ ನಿಂತಿತು. ಮುದುಕ ಕಡ್ಡಿ ಆಡಿಸಲಿಕ್ಕೇ ಬಂದಿದ್ದಾನೆ ಎಂದುಕೊಂಡಿರಬೇಕು. ಮಾವ ಜೇಬಿನಿಂದ ಹಿಂದಿನ ದಿನದ ಜನತಾವಾಣಿ ಪತ್ರಿಕೆಯ ಒಂದು ತುಂಡು ತೆಗೆದರು, ಕಡ್ಡಿ ಎಳೆದರು, ಒರೆಸಿದರು, ತಳಕ್ಕೆ ಕೂರುವ ತನಕ ಒತ್ತಿದರು, ಮತ್ತೆ ಎಳೆದರು. ಕಡ್ಡಿಯ ತುದಿಯಲ್ಲಿ ಎರಡು ಗುರುತು. ಕೆಳಗಿನದು ಕನಿಷ್ಠ, ಮೇಲಿನದು ಗರಿಷ್ಠ. ಎಣ್ಣೆ ಮೇಲಿನ ಗುರುತನ್ನೂ ದಾಟಿ ಒಂದು ಬೆರಳಗಲ ಮೇಲಕ್ಕೆ ಹೋಗಿತ್ತು.

“ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸರ್?” ಎಂದ ಹುಡುಗ. ಅವನೊಬ್ಬನ ತಪ್ಪು ತಿಳಿವಳಿಕೆಯಲ್ಲ ಅದು, ಊರಿಗೆ ಊರೇ ಹಾಗೆ ನಂಬಿದೆ. ಎಣ್ಣೆ ಕಡಿಮೆಯಾದರೆ ಇಂಜಿನ್ ಸೀಜ್ ಆಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಕೆಡುತ್ತದೆ ಎಂದರೆ ನಂಬುವವರಿಲ್ಲ. ಇಂಜಿನ್ನಿನ ತಳದಲ್ಲಿ ಎಣ್ಣೆಯ ತೊಟ್ಟಿ, ಅದರ ಮೇಲೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕ್ರ್ಯಾಂಕ್. ಎಣ್ಣೆಯ ಮಟ್ಟ ಮೇಲೇರಿ ಕ್ರ್ಯಾಂಕಿಗೆ ತಾಗಿದರೆ ಅದು ಕಡೆಗೋಲಿನ ಹಾಗೆ ಕಡೆಯಲು ಶುರುಮಾಡುತ್ತದೆ. ದಾವಣಗೆರೆ ಬೆಣ್ಣೆ ದೋಸೆಯ ಊರಾದರೂ ಈ ಕಡೆತದಲ್ಲಿ ಬೆಣ್ಣೆ ಬರುವುದಿಲ್ಲ, ನೊರೆ ಬರುತ್ತದೆ. ನೊರೆ ಎಂದರೆ ಅರ್ಧ ಗಾಳಿ. ಪಂಪು ಗಾಳಿಯನ್ನು ಎಳೆದುಕೊಂಡು ಬೇರಿಂಗುಗಳಿಗೆ ಕಳಿಸಿದರೆ ಎಣ್ಣೆ ತುಂಬಿ ತುಳುಕುತ್ತಿದ್ದರೂ ಬೇರಿಂಗಿಗೆ ಬರಗಾಲ. ಒಳಗೆ ಒತ್ತಡ ಹೆಚ್ಚಿ ಸೀಲುಗಳು ಸೋರುತ್ತವೆ. ಬ್ರೀದರ್ ಪೈಪಿನ ಮೂಲಕ ಎಣ್ಣೆ ಗಾಳಿಯ ದಾರಿಗೆ ನುಗ್ಗಿ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸುತ್ತದೆ. ಅತಿರೇಕಕ್ಕೆ ಹೋದರೆ ಡೀಸೆಲ್ ಇಂಜಿನ್ ತನ್ನ ಎಣ್ಣೆಯನ್ನೇ ಇಂಧನ ಮಾಡಿಕೊಂಡು ಕೀ ತೆಗೆದರೂ ನಿಲ್ಲದೆ ಕೂಗುತ್ತದೆ.

ಹಾಗಂತ ಸರ್ವೀಸ್ ಸೆಂಟರಿನವರೆಲ್ಲ ಕಳ್ಳರು ಎಂದು ಹೇಳಿದರೆ ಅನ್ಯಾಯ. ಹೆಚ್ಚಿನ ಸಲ ಆಗುವುದು ಅವಸರ. ಡ್ರಮ್ಮಿನಿಂದ ಗನ್ ಹಿಡಿದು ಅಳೆದು ಬಿಡುವ ವ್ಯವಸ್ಥೆಯಲ್ಲಿ ಪುಸ್ತಕದಲ್ಲಿದ್ದಷ್ಟು ಲೀಟರ್ ಸರಿಯಾಗಿಯೇ ಬೀಳುತ್ತದೆ. ಆದರೆ ಹಳೆಯದು ಪೂರ್ತಿ ಇಳಿದಿರುವುದಿಲ್ಲ. ತಣ್ಣಗಿನ ಎಣ್ಣೆ ಜಾರದೆ ಒಳಗೇ ಅಂಟಿಕೊಂಡಿರುತ್ತದೆ, ಅಥವಾ ಕೊನೆಯ ಹನಿಗಳು ಇಳಿಯುವಷ್ಟು ಹೊತ್ತು ಕಾಯಲು ಹಿಂದಿನ ಗಾಡಿಯವನು ಬಿಡುವುದಿಲ್ಲ. ಫಿಲ್ಟರ್ ಬದಲಿಸಿದರೆ ಒಂದು ಲೆಕ್ಕ, ಬದಲಿಸದಿದ್ದರೆ ಇನ್ನೊಂದು ಲೆಕ್ಕ. ಎರಡಕ್ಕೂ ಒಂದೇ ಲೆಕ್ಕ ಹಾಕಿದರೆ ಮತ್ತೆ ಹೆಚ್ಚು. ಕಡಿಮೆಯಾಗುವುದಕ್ಕೂ ಕಾರಣಗಳಿವೆ: ಹೊಸ ಫಿಲ್ಟರ್ ತನ್ನ ಪಾಲು ಕುಡಿಯುತ್ತದೆ, ತಳದ ಬೋಲ್ಟಿನ ವಾಷರ್ ಹಳೆಯದೇ ಆಗಿದ್ದರೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಸರ್ವೀಸಿನ ಮಾರನೆಯ ಬೆಳಿಗ್ಗೆ ಗಾಡಿ ನಿಂತ ಜಾಗದ ನೆಲವನ್ನೂ ಒಮ್ಮೆ ನೋಡಿ ಎನ್ನುವುದು ಅದಕ್ಕೇ.

ಜನರ ಇನ್ನೊಂದು ಅನುಮಾನ ಎಣ್ಣೆಯ ಬಣ್ಣದ್ದು. “ನಿನ್ನೆ ಹಾಕಿಸಿದ ಆಯಿಲ್ ಇವತ್ತೇ ಕಪ್ಪಗಾಗೈತೆ, ಬದಲಾಯಿಸೇ ಇಲ್ಲ ನನ್ಮಕ್ಳು” ಎಂದು ಚಹಾ ಅಂಗಡಿಯಲ್ಲಿ ಕೂಗಾಡಿದವರನ್ನು ಕಂಡಿದ್ದೇನೆ. ಪೆಟ್ರೋಲ್ ಗಾಡಿಯಾದರೆ ಅನುಮಾನಕ್ಕೆ ಅರ್ಥವಿದೆ. ಹೊಸ ಎಣ್ಣೆ ಕೆಲವು ದಿನವಾದರೂ ಜೇನಿನ ಬಣ್ಣದಲ್ಲಿರಬೇಕು. ಡೀಸೆಲ್ಲಿನಲ್ಲಿ ಹಾಗಲ್ಲ. ಒಳಗೆ ಉಳಿದ ಮಸಿಯನ್ನು ಹೊಸ ಎಣ್ಣೆ ಕೂಡಲೇ ಎತ್ತಿಕೊಳ್ಳುತ್ತದೆ, ದಾವಣಗೆರೆ ಬಿಟ್ಟು ಹರಿಹರ ಮುಟ್ಟುವಷ್ಟರಲ್ಲಿ ಕಪ್ಪಾಗಿರುತ್ತದೆ. ಅದು ಎಣ್ಣೆ ಕೆಲಸ ಮಾಡುತ್ತಿರುವ ಗುರುತು. ಬಣ್ಣ ನೋಡಿ ಜಗಳಕ್ಕೆ ಹೋಗುವ ಬದಲು ಮಟ್ಟ ನೋಡಿ ಜಗಳಕ್ಕೆ ಹೋದರೆ ಗೆಲ್ಲಬಹುದು.

ನೋಡುವುದಕ್ಕೂ ಒಂದು ಕ್ರಮ ಇದೆ. ಜಾಗ ಸಮತಟ್ಟಾಗಿರಬೇಕು, ಸರ್ವೀಸ್ ಸೆಂಟರಿನ ಇಳಿಜಾರು ರ್‍ಯಾಂಪಿನ ಮೇಲೆ ಎಳೆದ ಕಡ್ಡಿ ಸುಳ್ಳು ಹೇಳುತ್ತದೆ. ಇಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಬೇಕು, ಮೇಲೇರಿದ ಎಣ್ಣೆ ತೊಟ್ಟಿಗೆ ಇಳಿಯಬೇಕಲ್ಲ. ಆಫ್ ಮಾಡಿದ ಕೂಡಲೇ ನೋಡಿದರೆ ಕಡಿಮೆ ಕಾಣುತ್ತದೆ, ಕಡಿಮೆ ಕಂಡಿತೆಂದು ಹುಡುಗ ಇನ್ನಷ್ಟು ಸುರಿಯುತ್ತಾನೆ. ನಮ್ಮ ಕಾರಿನಲ್ಲಿ ಆದದ್ದು ಅದೇ ಎಂದು ಮಾವನ ತೀರ್ಪು. ಸಣ್ಣ ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಮುಕ್ಕಾಲರಿಂದ ಒಂದು ಲೀಟರ್, ಆದ್ದರಿಂದ ಕಡ್ಡಿಯ ಮೇಲೆ ಕಾಣುವ ಒಂದು ಬೆರಳನ್ನು ಸಣ್ಣದೆಂದು ತಿಳಿಯಬಾರದು. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಕೂರುವವರಿಗೂ ಒಂದು ಮಾತು: ಅದು ಎಣ್ಣೆಯ ಒತ್ತಡದ ದೀಪ, ಮಟ್ಟದ್ದಲ್ಲ. ಓಡುತ್ತಿರುವಾಗ ಅದು ಹತ್ತಿತೆಂದರೆ ಕೆಡುವುದು ಆಗಲೇ ಶುರುವಾಗಿರುತ್ತದೆ.

ಬೈಕಿನವರ ಕಥೆ ಬೇರೆ. ಸ್ಪ್ಲೆಂಡರ್, ಆಕ್ಟಿವಾದಂಥ ಗಾಡಿಗಳನ್ನು ಸೆಂಟರ್ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಕಡ್ಡಿಯನ್ನು ತಿರುಪದೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ತಿರುಪಿ ನೋಡಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇವುಗಳ ಇಂಜಿನ್ನಿಗೆ ಹಿಡಿಯುವ ಎಣ್ಣೆ ಒಂದು ಲೀಟರಿನ ಒಳಗೆ. ಅಷ್ಟರಲ್ಲಿ ಒಂದು ಲೋಟ ಹೆಚ್ಚುಕಡಿಮೆಯಾದರೂ ದೊಡ್ಡದೇ.

ಹಿಂದೆ ಈ ತಾಪತ್ರಯ ಇರಲಿಲ್ಲ ಎಂದು ಮಾವ ಜಾವಾ, ಯೆಜ್ಡಿಗಳ ಕಾಲಕ್ಕೆ ಹೋಗುತ್ತಾರೆ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ತಯಾರಿಸಿದ ಆ ಟೂ ಸ್ಟ್ರೋಕ್ ಗಾಡಿಗಳಿಗೆ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕಿತ್ತು. ಬಂಕಿನಲ್ಲಿ ನಮ್ಮ ಕಣ್ಣೆದುರಿಗೇ ಅಳೆದು ಸುರಿಯುತ್ತಿದ್ದರು. ಕಡಿಮೆಯೆನಿಸಿದರೆ ಅಲ್ಲೇ ಕೇಳಬಹುದಿತ್ತು. ಈಗ ಗಾಜಿನಾಚೆಯ ಲೌಂಜಿನಲ್ಲಿ ನಮಗೆ ಎಸಿ, ಕಾಫಿ, ಟಿವಿ. ಗಾಡಿಗೆ ಏನು ಮಾಡುತ್ತಾರೋ ಅದು ಅವರಿಗೇ ಗೊತ್ತು.

2020ರ ಏಪ್ರಿಲ್ 1ರಿಂದ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಹೊಸದೊಂದು ಕಾಟ ಸೇರಿದೆ. ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಸುಟ್ಟು ಆ ಮಸಿಯನ್ನು ಉರಿಸುತ್ತದೆ. ಮಂಡಿಪೇಟೆಯಿಂದ ವಿದ್ಯಾನಗರಕ್ಕೆ, ಅಲ್ಲಿಂದ ಮತ್ತೆ ಮನೆಗೆ ಎಂದು ಊರೊಳಗೇ ತಿರುಗುವ ಗಾಡಿಯಲ್ಲಿ ಈ ಕೆಲಸ ಅರ್ಧಕ್ಕೇ ನಿಂತು, ಉರಿಯದ ಡೀಸೆಲ್ ಕೆಳಗಿಳಿದು ಎಣ್ಣೆಯ ಜೊತೆ ಬೆರೆಯುವುದುಂಟು. ಆಗ ಯಾರೂ ಸುರಿಯದಿದ್ದರೂ ಕಡ್ಡಿಯಲ್ಲಿ ಮಟ್ಟ ಏರುತ್ತದೆ. ಅಂಥ ಎಣ್ಣೆ ತೆಳ್ಳಗಾಗಿರುತ್ತದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಬರುತ್ತದೆ. ಇಂಥವರು ಆಗಾಗ ಹೆದ್ದಾರಿ ಹಿಡಿದು ಹರಿಹರ ದಾಟಿ ರಾಣೆಬೆನ್ನೂರಿನ ತನಕವಾದರೂ ಒಂದೇ ವೇಗದಲ್ಲಿ ಓಡಿಸಿಕೊಂಡು ಬರುವುದು ಒಳ್ಳೆಯದು. ಮಾವನ ಮನೆಗೆ ಹೋಗಲು ನನಗೆ ಇದೂ ಒಂದು ನೆಪ.

ಅಂದು ಹುಡುಗ ಗಾಡಿಯನ್ನು ಮತ್ತೆ ಒಳಗೆ ತಳ್ಳಿಸಿ ಹೆಚ್ಚಿದ್ದ ಎಣ್ಣೆ ತೆಗೆಸಿದ. ಸಿಟ್ಟಾಗಲಿಲ್ಲ. ಮೆಕ್ಯಾನಿಕ್ಕು ಕೈಯೊರೆಸಿಕೊಳ್ಳುವ ಕಾಟನ್ ವೇಸ್ಟಿನಲ್ಲಿ ಕಡ್ಡಿ ಒರೆಸಿ, ಮತ್ತೆ ಅದ್ದಿ ತೆಗೆದು ತಾನೇ ಮಾವನ ಮುಂದೆ ಹಿಡಿದ. ಎಣ್ಣೆ ಮೇಲಿನ ಗುರುತಿಗಿಂತ ತುಸು ಕೆಳಗಿತ್ತು. ಮಾವ ಹೂಂಗುಟ್ಟಿದರು. ಫೋನ್ ಬಂದಾಗ ನಾನು ಎಂಟು ಕೊಟ್ಟೆ.

ನೀವೂ ಗೇಟ್ ಪಾಸಿಗೆ ಸಹಿ ಹಾಕುವ ಮುಂಚೆ ಬಾನೆಟ್ ಎತ್ತಿಸಿ, ಕಡ್ಡಿಯನ್ನು ಅವರ ಎದುರಿಗೇ ಎಳೆದು ನೋಡಿ. ಅವರು ಏನಾದರೂ ಅಂದುಕೊಳ್ಳಲಿ. ಮನೆಗೆ ಬಂದ ಮೇಲೆ ಹೆಚ್ಚೆಂದು ಗೊತ್ತಾದರೆ ಫೋಟೊ ತೆಗೆದಿಟ್ಟುಕೊಂಡು, ಗಾಡಿ ಓಡಿಸದೆ ಅವರನ್ನೇ ಕರೆಸಿ ತೆಗೆಸಿ. ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ.