ಕೊಂಡ ಗಾಲಿ, ಕಟ್ಟಿಸಿದ ಗಾಲಿ

ಎತ್ತಿನ ಗಾಡಿಯ ಚಕ್ರಕ್ಕೂ ಸೈಕಲ್ಲಿನ ಚಕ್ರಕ್ಕೂ ಇರುವ ಹೋಲಿಕೆ ಆಕಾರದಲ್ಲಿ ಮಾತ್ರ. ಗಾಡಿಯ ಭಾರವನ್ನು ಹೊರುವುದು ಅಚ್ಚಿನ ಕೆಳಗಿರುವ ಮರದ ಅರಗಳು. ಅವು ಕಂಬಗಳಂತೆ ನಿಂತು ಹೊರುತ್ತವೆ. ಸೈಕಲ್ಲಿನ ಕಡ್ಡಿಯಾದರೋ 2 ಮಿಲಿಮೀಟರ್ ದಪ್ಪದ ತಂತಿ. ಅದರ ತಲೆಯ ಮೇಲೆ ಭಾರ ಹೇರಿದರೆ ಬಾಗಿಹೋಗುತ್ತದೆ. ಹಾಗಿದ್ದೂ ಅದು ತೊಂಬತ್ತು ಕಿಲೋ ತೂಗುವ ಮನುಷ್ಯನನ್ನು ಹೊರುವುದು ಹೇಗೆ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ನಿಮ್ಮಲ್ಲಿ ಹೆಚ್ಚಿನವರು, 'ಮೇಲಿನ ಕಡ್ಡಿಗಳಿಂದ ತೂಗುಬಿದ್ದಿರುತ್ತದೆ ಸಾರ್' ಎನ್ನುತ್ತಿದ್ದಿರಿ. ಜಾಣ ಉತ್ತರ, ಆದರೆ ನಿಜವಲ್ಲ. ಕಡ್ಡಿಗಳೆಲ್ಲವೂ ಮೊದಲೇ ಬಿಗಿಯಲ್ಪಟ್ಟಿರುತ್ತವೆ; ಒಳ್ಳೆಯ ಹಿಂಗಾಲಿಯ ಬಲಬದಿಯ ಒಂದೊಂದು ಕಡ್ಡಿಯಲ್ಲೂ ಸುಮಾರು 100 ಕಿಲೋ ತೂಕದಷ್ಟು ಎಳೆತ. ಸವಾರ ಕುಳಿತಾಗ ಮೇಲಿನ ಕಡ್ಡಿಗಳ ಎಳೆತ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನೆಲದ ಕಡೆಯ ಮೂರು ನಾಲ್ಕು ಕಡ್ಡಿಗಳ ಎಳೆತ ಮಾತ್ರ ತಗ್ಗುತ್ತದೆ. ಆ ತಗ್ಗುವಿಕೆಯೇ ಅವು ಭಾರ ಹೊರುವ ರೀತಿ. ಅಮೆರಿಕದ ಇಂಜಿನಿಯರ್ ಜೋಬ್ಸ್ಟ್ ಬ್ರಾಂಟ್ ಇದನ್ನು 1981ರಲ್ಲಿ ಪ್ರಕಟವಾದ 'ದಿ ಬೈಸಿಕಲ್ ವೀಲ್' ಎಂಬ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾನೆ.

ಈಗ ಇದನ್ನೆಲ್ಲ ಬರೆಯಲು ಕಾರಣ, ಹಳೆಯ ವಿದ್ಯಾರ್ಥಿಯೊಬ್ಬನ ಮಿಂಚಂಚೆ. ಬೆಂಗಳೂರಿನಲ್ಲಿರುವ ಈತ ರೋಡ್ ಬೈಕ್ ಎಂದು ಕರೆಯುವ ಹಗುರ ಸೈಕಲ್ಲಿನಲ್ಲಿ ದೂರದ ಬ್ರೆವೆ ಸವಾರಿಗಳನ್ನು ಮಾಡುತ್ತಾನೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ 2027ರಲ್ಲಿ ಹೋಗಬೇಕೆಂಬುದು ಅವನ ಆಸೆ. ಸುಮಾರು 1200 ಕಿಲೋಮೀಟರ್, ಹೆಚ್ಚೆಂದರೆ 90 ಗಂಟೆ. ಅದಕ್ಕೆ ಮುನ್ನ ಅದೇ ವರ್ಷ 200, 300, 400, 600 ಕಿಲೋಮೀಟರುಗಳ ಸವಾರಿಗಳನ್ನು ಗಡುವಿನೊಳಗೆ ಮುಗಿಸಿರಬೇಕು. ಕಳೆದ ಸಲ 600ರ ಸವಾರಿಯಲ್ಲಿ, ನಡುರಾತ್ರಿ, ಇಪ್ಪತ್ತೇ ಕಡ್ಡಿಗಳ ಕಾರ್ಖಾನೆಯ ಹಿಂಗಾಲಿಯಲ್ಲಿ ಒಂದು ಕಡ್ಡಿ ಮುರಿಯಿತಂತೆ. ರಿಮ್ಮು ಬಳುಕಿ ಚೌಕಟ್ಟಿಗೆ ಉಜ್ಜತೊಡಗಿತು. ಬೆಳಗಿನ ಬಸ್ಸಿನಲ್ಲಿ ಮನೆಗೆ. ಆ ಗಾಲಿಗೆಂದೇ ಮಾಡಿದ ಕಡ್ಡಿ ಹೊರದೇಶದಿಂದ ಬರುವ ತನಕ ಸೈಕಲ್ಲು ಗೋಡೆಗೆ ಒರಗಿತ್ತು. 'ಮೇಷ್ಟ್ರೇ, ಇನ್ನೂ ಬೆಲೆಬಾಳುವ ಸಿದ್ಧಗಾಲಿ ಕೊಳ್ಳಲೇ, ಕಟ್ಟಿಸಲೇ?' ಎಂದು ಕೇಳಿದ್ದಾನೆ.

ಕಟ್ಟಿಸು ಎಂಬುದೇ ನನ್ನ ಉತ್ತರ. ಆದರೆ ಕಾರ್ಖಾನೆಯವರು ತಿಳಿಗೇಡಿಗಳೆಂದು ಯಾರೂ ಭಾವಿಸಬಾರದು. ಹಿಂದೆ ಹಬ್ಬು, ರಿಮ್ಮು, ಕಡ್ಡಿ ಬೇರೆಬೇರೆಯಾಗಿ ಕೊಂಡು ಕಟ್ಟಿಸುವುದೇ ವಾಡಿಕೆಯಾಗಿತ್ತು. ಫ್ರಾನ್ಸಿನ ಮಾವಿಕ್ ಕಂಪನಿ 1996ರಲ್ಲಿ ತಂದ ಹೀಲಿಯಂನಂತಹ ಗಾಲಿಗಳಿಂದ ಸಿದ್ಧಜೋಡಿಗಳ ಕಾಲ ಬಲಗೊಂಡಿತು. ಕಡ್ಡಿ ಕಡಿಮೆಯಾದಷ್ಟೂ, ರಿಮ್ಮು ಆಳವಾದಷ್ಟೂ ಗಾಳಿಯ ತಡೆ ತಗ್ಗುತ್ತದೆಂಬುದು ಸತ್ಯ. ಹಿಂಗಾಲಿಯ ಬಲಬದಿಯಲ್ಲಿ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಆ ಕಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತು ಬಹಳ ಬಿಗಿಯಾಗಿರುತ್ತವೆ. ಎಡಗಡೆಯವುಗಳ ಎಳೆತ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಇಟಲಿಯ ಫುಲ್ಕ್ರಂ ಬಲಕ್ಕೆ ಎರಡು, ಎಡಕ್ಕೆ ಒಂದು ಎಂಬ ಲೆಕ್ಕದಲ್ಲಿ ಕಡ್ಡಿ ಹಂಚಿ ಇದನ್ನು ಸರಿದೂಗಿಸಿದ್ದನ್ನು ನೋಡಿ ನಾನು ಮೆಚ್ಚಿದ್ದೇನೆ. ಆದರೆ ಇಂತಹ ಗಾಲಿಗಳ ಹಿಂದಿರುವುದು ಪಂದ್ಯದ ಆಲೋಚನೆ. ಪಂದ್ಯದವನ ಬೆನ್ನಿಗೆ ಬದಲಿ ಗಾಲಿ ಹೊತ್ತ ಕಾರು ಬರುತ್ತಿರುತ್ತದೆ. ನಮ್ಮ ಹುಡುಗನ ಬೆನ್ನಿಗೆ ಬರೀ ಕತ್ತಲೆ.

ರಸ್ತೆ ಸೈಕಲ್ಲಿನ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. 1200 ಕಿಲೋಮೀಟರಿಗೆ ಅದು ಐದು ಲಕ್ಷ ಎಪ್ಪತ್ತು ಸಾವಿರ ಬಾರಿಯಷ್ಟು ಉರುಳಬೇಕು. ಪ್ರತಿ ಸುತ್ತಿಗೂ ಪ್ರತಿಯೊಂದು ಕಡ್ಡಿಯೂ ಒಮ್ಮೆ ಸಡಿಲಗೊಂಡು ಮತ್ತೆ ಬಿಗಿಯಬೇಕು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಬಗೆಯ ದಣಿವು. ಕಡ್ಡಿ ಹೆಚ್ಚಾಗಿ ಮುರಿಯುವುದು ಹಬ್ಬಿನ ಬಳಿಯ ಬಾಗಿನಲ್ಲಿ. ಆದುದರಿಂದ ಬಾಗು 2 ಮಿಲಿಮೀಟರ್ ಇದ್ದು, ನಡುವಿನಲ್ಲಿ 1.8ಕ್ಕೆ ಸಣ್ಣಗಾದ ಕಡ್ಡಿ ಒಳ್ಳೆಯದು. ಸಣ್ಣ ನಡು ತುಸು ಹಿಗ್ಗಿ ಕುಗ್ಗಿ ಬಾಗಿನ ಆಯಾಸವನ್ನು ತಗ್ಗಿಸುತ್ತದೆ. ಇಂತಹ 32 ಕಡ್ಡಿಗಳು, ಒಂದೊಂದೂ ಮೂರು ಕಡ್ಡಿಗಳನ್ನು ದಾಟುವ ಹೆಣಿಗೆ, ಸಾಮಾನ್ಯ ಹಬ್ಬು. ಇಪ್ಪತ್ತಕ್ಕಿಂತ ಹನ್ನೆರಡು ಕಡ್ಡಿ ಹೆಚ್ಚಾದದ್ದರಿಂದ ಏರುವ ತೂಕ ನೂರು ಗ್ರಾಮಿನ ಒಳಗೇ. ಒಂದು ಮುರಿದರೂ ಬ್ರೇಕನ್ನು ಸ್ವಲ್ಪ ಸಡಿಲಿಸಿಕೊಂಡು ಮುಂದೆ ಸಾಗಬಹುದು.

ಆದರೆ ಕಟ್ಟಿದ ಗಾಲಿಯ ಯೋಗ್ಯತೆಯೆಲ್ಲ ಕಟ್ಟಿದವನ ಕೈಯಲ್ಲಿದೆ. ಕೆಟ್ಟ ಕೈಯ ಕೆಲಸಕ್ಕಿಂತ ಯಂತ್ರದ್ದೇ ವಾಸಿ. ನಮ್ಮೂರುಗಳ ಸೈಕಲ್ ಶಾಪಿನವರು ಮುಂದಕ್ಕೆ 32, ಹಿಂದಕ್ಕೆ 40 ಕಡ್ಡಿಗಳ ಕರಿಯ ಸೈಕಲ್ಲುಗಳ ಬೆಂಡು ತೆಗೆಯುತ್ತಿದ್ದುದನ್ನು ನೀವು ನೋಡಿದ್ದೀರಿ. ಕಡ್ಡಿಯನ್ನು ಬೆರಳಿನಿಂದ ಮೀಟಿ ದನಿಯಿಂದಲೇ ಬಿಗಿತ ತಿಳಿಯುತ್ತಿದ್ದರು. ಅವರಿಗೆ ಯಾವ ಪದವಿಯೂ ಇರಲಿಲ್ಲ. ಸಮಾನ ಎಳೆತಕ್ಕೆ ಸಮಾನ ಶ್ರುತಿ ಎಂಬ ಪಾಠವನ್ನು ನಾನು ಮಾಡಿದ್ದಕ್ಕಿಂತ ಚೆನ್ನಾಗಿ ಅವರೇ ಮಾಡುತ್ತಿದ್ದರು. ಈಗಲೂ ಒಂದು ಬದಿಯ ಕಡ್ಡಿಗಳೆಲ್ಲ ಒಂದೇ ಶ್ರುತಿಯಲ್ಲಿ ನುಡಿಯಬೇಕು. ಎಡದ್ದು ಬಲಕ್ಕಿಂತ ಕೆಳಶ್ರುತಿಯಾಗಿದ್ದರೆ ಗಾಬರಿ ಬೇಡ. ಕಟ್ಟುವವನ ಬಳಿ ಎಳೆತ ಅಳೆಯುವ ಮಾಪಕವಿದೆಯೇ, ಕಟ್ಟಿದ ಮೇಲೆ ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಒತ್ತಿ ಹಿಸುಕಿ ಬಾಗಿನ ಒಳಬಿಗಿತವನ್ನು ಕಳೆಯುತ್ತಾನೆಯೇ, ಕೇಳು. ರಿಮ್ಮು ತೋರಿಸುವ ಮೊದಲು ನಿನ್ನ ತೂಕವನ್ನೂ ನೀನು ಓಡಾಡುವ ರಸ್ತೆಯನ್ನೂ ವಿಚಾರಿಸದವನ ಅಂಗಡಿಯಿಂದ ನಮಸ್ಕಾರ ಹೇಳಿ ಬಂದುಬಿಡು.

ಎರಡೂ ಗಾಲಿಗಳನ್ನು ಬದಲಿಸುವ ದುಂದು ಬೇಡ. ಮುಂಗಾಲಿಯ ಮೇಲೆ ಭಾರ ಕಡಿಮೆ. ನಿನ್ನದು ರಿಮ್ಮು ಹಿಡಿಯುವ ಬ್ರೇಕಾದ್ದರಿಂದ ಅದರ ಎರಡು ಬದಿಯ ಎಳೆತವೂ ಸಮ. ಈಗಿರುವ ಕಾರ್ಖಾನೆಯದೇ ಇರಲಿ. ಡಿಸ್ಕ್ ಬ್ರೇಕಾಗಿದ್ದರೆ ಬ್ರೇಕಿನ ತಿರುಚುವಿಕೆಯೂ ಕಡ್ಡಿಗಳ ಮೂಲಕವೇ ಹಾಯಬೇಕಾದ್ದರಿಂದ ಬೇರೆ ಮಾತು ಹೇಳುತ್ತಿದ್ದೆ. ಹೊಸ ಹಿಂಗಾಲಿಯಲ್ಲಿ ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ಕಟ್ಟಿದವನಿಗೇ ತೋರಿಸು. ಬಲಗಡೆಯ ಕಡ್ಡಿ ಬದಲಿಸಲು ಹಲ್ಲುಚಕ್ರಗಳನ್ನು ಕಳಚಬೇಕು, ಆ ಉಪಕರಣವೂ ಚೀಲದಲ್ಲಿರಲಿ. ಚೌಕಟ್ಟಿಗೆ ಬಲದ ಎರಡು, ಎಡದ ಎರಡು ಕಡ್ಡಿಗಳನ್ನು ಟೇಪಿನಿಂದ ಸುತ್ತಿಟ್ಟುಕೊ. ಅವುಗಳ ಉದ್ದದಲ್ಲಿರುವುದು ಒಂದೆರಡು ಮಿಲಿಮೀಟರ್ ವ್ಯತ್ಯಾಸ. ರಾತ್ರಿ ಕಣ್ಣಿಗೆ ತಿಳಿಯದು. ಬಲದವುಗಳಿಗೆ ಒಂದು ಎಳೆ ದಾರ ಕಟ್ಟಿರು.