ಮ್ಯಾಚಿನ ದಿನ

ಮ್ಯಾಚಿನ ಹಿಂದಿನ ಸಂಜೆ ಅಂಕಣಕ್ಕೆ ನೀರು ಹೊಡೆಯುವುದು ನಮ್ಮ ಕೆಲಸವಾಗಿತ್ತು. ಕಾಲೇಜಿನ ಹಿಂದಿನ ಬಾವಿಯಿಂದ ಕೊಡಗಳಲ್ಲಿ ನೀರು ತಂದು, ಮಣ್ಣು ಕೆಸರಾಗದಂತೆ, ಆದರೆ ಧೂಳೂ ಏಳದಂತೆ ಹದ ಮಾಡಬೇಕು. ಬೆಳಿಗ್ಗೆ ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನಾವು ಯಾರೂ ತಂಡದಲ್ಲಿ ಆಡಿದವರಲ್ಲ. ಆಡುವಷ್ಟು ಮೈಯೂ ಇರಲಿಲ್ಲ, ದಮ್ಮೂ ಇರಲಿಲ್ಲ. ಆದರೂ ‘ನಮ್ಮ ಟೀಮು’ ಎನ್ನುತ್ತಿದ್ದೆವು. ಏಳು ಜನ ಆಡುತ್ತಿದ್ದರು, ನಾವು ಆರು ಜನ ಗಂಟಲು ಹರಿದುಕೊಳ್ಳುತ್ತಿದ್ದೆವು. ಆರರಲ್ಲಿ ಇಬ್ಬರು ಮುಸ್ಲಿಮರು, ಇಬ್ಬರು ಲಿಂಗಾಯತರು, ಒಬ್ಬ ಮರಾಠ, ಒಬ್ಬ ಜೈನ. ಈಗ ಹೀಗೆ ಲೆಕ್ಕ ಹಾಕಿ ಹೇಳುತ್ತಿದ್ದೇವೆ. ಆಗ ಲೆಕ್ಕ ಹಾಕಿರಲಿಲ್ಲ.

1998ರಿಂದ 2002ರವರೆಗಿನ ಮಾತು ಇದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯ ಕಾಲೇಜುಗಳೆಲ್ಲ ಆಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ. ವಲಯ ಮಟ್ಟದಲ್ಲಿ ಗೆದ್ದರೆ ಧಾರವಾಡದವರೆಗೆ ಹೋಗಬಹುದು, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ‘ಬ್ಲೂ’ ಎಂಬ ಬಿರುದು. ಬ್ಲೂ ಆದ ಹುಡುಗನಿಗೆ ಊರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾದ ದುಡ್ಡು ಕೇಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಮರ್ಯಾದೆ ನಮಗೆ ಗೊತ್ತಿರಲಿಲ್ಲ.

ಬೆಳಗಾವಿ ನಗರಕ್ಕೆ ಹಾಕಿಯ ಹೆಸರಿದೆ. 1964ರಲ್ಲಿ ಟೋಕಿಯೋದಲ್ಲಿ ಪಾಕಿಸ್ತಾನವನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಆದರೆ ಹಾಕಿ ಕೋಲು ನಮ್ಮ ತಾಲೂಕುಗಳ ತನಕ ಬರಲಿಲ್ಲ. ಕೃಷ್ಣೆಯ ಈ ಕಡೆ ಆ ಕಡೆಯ ಊರುಗಳಲ್ಲಿ ಆಟವೆಂದರೆ ಕುಸ್ತಿ, ಕಬಡ್ಡಿ, ಖೋಖೋ. ಹಿರಿಯರು ಕಬಡ್ಡಿಗೆ ಇವತ್ತಿಗೂ ಹುತುತು ಎನ್ನುತ್ತಾರೆ. ಖರ್ಚಿಲ್ಲದ ಆಟ. ಚಪ್ಪಲಿಯೂ ಬೇಡ.

ಚಪ್ಪಲಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇವೆ. ಆಟಗಾರರು ಬಿಟ್ಟ ಚಪ್ಪಲಿಗಳನ್ನು ಕಾಯುವುದು ಮೊದಲ ವರ್ಷದ ಹುಡುಗರ ಪಾಲಿಗೆ ಬರುತ್ತಿತ್ತು. ಅಥಣಿ ಕಡೆಯ ತೊಗಲಿನ ಚಪ್ಪಲಿಗಳು ಅವು, ‘ಕೊಲ್ಹಾಪುರಿ’ ಎಂಬ ಹೆಸರಿನಲ್ಲಿ ಮಾರಾಟವಾಗುವಂಥವು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರೂ ಸೇರಿತು, ಬೆಳಗಾವಿಯದೂ. ಚಪ್ಪಲಿ ಕಾಯದೆ ತಂಡದ ಜೊತೆ ಬಸ್ಸಿನಲ್ಲಿ ಹೋಗುವ ಹಾಗಿಲ್ಲ ಎಂಬುದು ನಮ್ಮ ಕಾಲೇಜಿನ ಅಲಿಖಿತ ಕಾನೂನು.

ಇಂಥ ಕಾನೂನುಗಳು ಹಲವು ಇದ್ದವು. ಆಟಕ್ಕೆ ಮುಂಚೆ ಅಂಕಣದ ಮೂಲೆಯಲ್ಲಿ ತೆಂಗಿನಕಾಯಿ ಒಡೆಯುವುದು. ಏಳೂ ಮಂದಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದು. ಮುಸ್ಲಿಂ ಹುಡುಗರು ಮಣ್ಣನ್ನು ಅಂಗೈಗೆ ತಿಕ್ಕಿಕೊಂಡು ‘ಬಿಸ್ಮಿಲ್ಲಾ’ ಎನ್ನುತ್ತಿದ್ದರು. ಯಾಕೆ ಹಣೆಗೆ ಹಚ್ಚಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಕಾಯಿಯ ಚೂರು ಎಲ್ಲರೂ ತಿನ್ನುತ್ತಿದ್ದರು. ಹಲಗಿ ಬಾರಿಸುವವರನ್ನು ಕರೆಸಲು ನಾವು ತಲೆಗೆ ಎರಡೆರಡು ರೂಪಾಯಿ ಪಟ್ಟಿ ಎತ್ತುತ್ತಿದ್ದೆವು. ಗೆದ್ದರೆ ಗುಲಾಲು. ಸೋತರೆ ಚುರಮುರಿ, ಮಿರ್ಚಿ ಭಜಿ, ಬಸ್ಸಿನ ಕೊನೆಯ ಸೀಟಿನಲ್ಲಿ ರೆಫರಿಗೆ ಬೈಗುಳ.

ಎಲ್ಲಕ್ಕಿಂತ ಗಟ್ಟಿಯಾದ ರೂಢಿ ಹಿಂದಿನ ರಾತ್ರಿಯ ಊಟ. ದೊಡ್ಡ ಮ್ಯಾಚಿನ ಹಿಂದಿನ ರಾತ್ರಿ ತಂಡವೆಲ್ಲ ಒಬ್ಬ ಆಟಗಾರನ ಮನೆಯಲ್ಲಿ ಉಣ್ಣಬೇಕು, ಜೊತೆಗೆ ನಾವೂ. ಯಾರು ಯಾವಾಗ ಶುರು ಮಾಡಿದರೋ ಗೊತ್ತಿಲ್ಲ. ಪಿ.ಡಿ. ಸರ್ ಹೇಳುತ್ತಿದ್ದುದು ಒಂದೇ ಮಾತು: “ತಾಲೀಮಿನಾಗ ಹಿಂಗ ಇತ್ತು.”

ತಾಲೀಮು ಎಂದರೆ ನಮ್ಮ ಕಡೆ ಗರಡಿಮನೆ. ಅರಬಿ ಭಾಷೆಯಲ್ಲಿ ಆ ಪದಕ್ಕೆ ಕಲಿಕೆ ಎಂಬ ಅರ್ಥ. ಕುಸ್ತಿ ಕಲಿಸುವ ಗುರು ‘ವಸ್ತಾದ’, ಅದು ಉಸ್ತಾದ್ ಎಂಬುದರ ನಮ್ಮ ರೂಪ. ಒಳಗೆ ಗೋಡೆಯ ಮೇಲೆ ಹನುಮಂತನ ಚಿತ್ರ, ಕೆಳಗೆ ಕೆಂಪು ಮಣ್ಣಿನಲ್ಲಿ ಎಲ್ಲ ಜಾತಿಯ ಮಕ್ಕಳು. ಪದ ಎಲ್ಲಿಯದು, ದೇವರು ಯಾರದು ಎಂದು ಬೇರ್ಪಡಿಸಲು ಹೋದರೆ ಗರಡಿಯೇ ಉಳಿಯುವುದಿಲ್ಲ. ಕೊಲ್ಹಾಪುರದಲ್ಲಂತೂ ತಾಲೀಮುಗಳೇ ಫುಟ್‌ಬಾಲ್ ತಂಡಗಳಾದವು. ಪಾಟಾಕಡಿಲ್ ತಾಲೀಮ್, ಖಂಡೋಬಾ ತಾಲೀಮ್, ದಿಲ್‌ಬಹಾರ್ ತಾಲೀಮ್. ನಿಪ್ಪಾಣಿಯ ಗೆಳೆಯರು ಶಾಹು ಸ್ಟೇಡಿಯಂಗೆ ಹೋಗಿ ನೋಡಿ ಬಂದು ಆ ಪೇಠೆಗಳ ಅಭಿಮಾನಿಗಳ ಜಗಳವನ್ನು ಆಟಕ್ಕಿಂತ ಹೆಚ್ಚು ಬಣ್ಣಿಸುತ್ತಿದ್ದರು.

ನಿಪ್ಪಾಣಿಯದೇ ಒಂದು ತಮಾಷೆಯಿದೆ. ಊರು ಕರ್ನಾಟಕದಲ್ಲಿ. ಊರಿನ ಅಂಚಿಗೆ ಅರ್ಜುನನಗರದಲ್ಲಿರುವ ದೇವಚಂದ ಕಾಲೇಜು ಮಹಾರಾಷ್ಟ್ರದ ಕಾಗಲ ತಾಲೂಕಿನಲ್ಲಿ, ಅದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಒಂದೇ ಗಲ್ಲಿಯ ಇಬ್ಬರು ಹುಡುಗರಲ್ಲಿ ಒಬ್ಬ ಅಲ್ಲಿ, ಇನ್ನೊಬ್ಬ ಊರೊಳಗಿನ ಕಾಲೇಜಿನಲ್ಲಿ ಸೇರಿದರೆ ಇಬ್ಬರೂ ಅಂತರ ಕಾಲೇಜು ಪಂದ್ಯದಲ್ಲಿ ಎದುರಾಗುವುದೇ ಇಲ್ಲ. ಗಡಿಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇವೆ. ನಮಗೆ ಗಡಿ ಎಂದರೆ ಇದು. ಉಳಿದಂತೆ ನಮ್ಮ ಮೈದಾನದಲ್ಲಿ ಕನ್ನಡದಲ್ಲಿ ಹುರುಪು ತುಂಬುತ್ತಿದ್ದೆವು, ಮರಾಠಿಯಲ್ಲಿ ಬೈಯುತ್ತಿದ್ದೆವು, ದಖನಿಯಲ್ಲಿ ಸಮಾಧಾನ ಹೇಳುತ್ತಿದ್ದೆವು.

2001ರ ನವೆಂಬರ್ ಕೊನೆಯ ವಾರ. ರಮಝಾನ್ ತಿಂಗಳು. ವಲಯ ಮಟ್ಟದ ಫೈನಲ್ ನಮ್ಮದೇ ಮೈದಾನದಲ್ಲಿ. ನಮ್ಮ ತಂಡದ ಮುಖ್ಯ ರೈಡರ್ ಕುಡಚಿ ಕಡೆಯ ಹುಡುಗ. ತೆಳ್ಳಗೆ, ಮಾತು ಕಡಿಮೆ. ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಬಂದು ಸಂಜೆ ರೈಲಿಗೆ ಹೋಗುತ್ತಿದ್ದ. ಆ ಸಲದ ಊಟ ಅವನ ಮನೆಯಲ್ಲಿ. ಅವನ ಅಮ್ಮಿ ನಮ್ಮಲ್ಲಿನ ಶಾಖಾಹಾರಿಗಳಿಗಾಗಿ ನೆರೆಮನೆಯ ಲಿಂಗಾಯತ ಅಜ್ಜಿಯಿಂದ ಪಾತ್ರೆ ಕೇಳಿ ತಂದು, ಅದರಲ್ಲೇ ಬೇರೆಯಾಗಿ ಬದನೆಕಾಯಿ ಪಲ್ಯ, ಬೇಳೆ ಮಾಡಿದ್ದರು. ರೊಟ್ಟಿಯನ್ನಂತೂ ಆ ಅಜ್ಜಿಯೇ ಬಡಿದು ಕೊಟ್ಟಿದ್ದರಂತೆ. “ಸಂಕೋಚ ಮಾಡಬ್ಯಾಡ್ರಪ್ಪಾ, ಭಾಂಡೆ ಅವರ ಮನಿದವ್ವೇ,” ಎಂದು ಅಮ್ಮಿ ಮೂರು ಸಲ ಹೇಳಿದರು. ಎಲ್ಲರೂ ಹೊಟ್ಟೆ ತುಂಬ ಉಂಡೆವು. ಈ ‘ಎಲ್ಲರೂ’ ಎಂಬ ಮಾತನ್ನು ಓದುಗರು ನೆನಪಿಡಬೇಕು.

ಮರುದಿನ ಪಂದ್ಯ ಮೂರಕ್ಕೆ ಎಂದು ಇತ್ತು. ಕಬ್ಬಿನ ಹಂಗಾಮು ಶುರುವಾಗಿತ್ತು. ಎದುರಾಳಿ ತಂಡದ ಜೀಪು ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಟ್ರೇಲಿಗಳ ಹಿಂದೆ ಸಿಕ್ಕಿಬಿದ್ದು, ಆಟ ಆರಂಭವಾದಾಗ ಐದು ಗಂಟೆ ಇಪ್ಪತ್ತು ನಿಮಿಷ. ಕಂಬಗಳಿಗೆ ಟ್ಯೂಬ್‌ಲೈಟ್ ಕಟ್ಟಿದೆವು. ನಮ್ಮ ರೈಡರ್ ರೋಜಾದಲ್ಲಿದ್ದ. ಬಿಡು ಎಂದು ಯಾರೂ ಹೇಳಲಿಲ್ಲ, ಹಿಡಿ ಎಂದೂ ಯಾರೂ ಹೇಳಿರಲಿಲ್ಲ. ಮೊದಲರ್ಧದಲ್ಲಿ ಅವನೊಬ್ಬನೇ ಒಂಬತ್ತು ಅಂಕ ತಂದ.

ದ್ವಿತೀಯಾರ್ಧ ನಡೆದಿತ್ತು. ಆರಕ್ಕೆ ಎರಡು ಮೂರು ನಿಮಿಷ ಇರುವಾಗ ಕಾಲೇಜಿನ ಗೋಡೆಯಾಚೆಯ ಮಸೀದಿಯಿಂದ ಅಝಾನ್ ಕೇಳಿತು. ಆಗ ನಮ್ಮ ಕಪ್ತಾನ, ಚಿಕ್ಕೋಡಿ ತಾಲೂಕಿನ ರೈತನ ಮಗ, ಒಂದು ಅಂಗೈಯನ್ನು ಇನ್ನೊಂದರ ಮೇಲೆ ಅಡ್ಡ ಹಿಡಿದು ರೆಫರಿಯತ್ತ ತೋರಿಸಿದ. ಟೈಮ್‌ಔಟ್. ತಂಡಕ್ಕೆ ಸಿಗುವುದೇ ಎರಡು, ಅರ್ಧ ಅರ್ಧ ನಿಮಿಷದವು. ಒಂದು ಆಗಲೇ ಮುಗಿದಿತ್ತು. ಪಿ.ಡಿ. ಸರ್ ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದ ಖರ್ಜೂರ ಬಿಚ್ಚಿದರು. ನಮ್ಮಲ್ಲೊಬ್ಬ ನೀರಿನ ತಂಬಿಗೆ ಹಿಡಿದು ಓಡಿದ. ಅವನು ಅಂಕಣದ ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಖರ್ಜೂರ ತಿಂದು, ನೀರು ಕುಡಿದು ಎದ್ದ. ಎದುರಾಳಿ ಕಾಲೇಜಿನವರು ಹಲಗಿ ನಿಲ್ಲಿಸಿದ್ದರು. ಅವರನ್ನು ಯಾರೂ ಕೇಳಿಕೊಂಡಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆಂದದ ಕಥೆ. ಎಷ್ಟೋ ಸಭೆಗಳಲ್ಲಿ, ಇಫ್ತಾರ್ ಕೂಟಗಳಲ್ಲಿ ನಾವು ಇದನ್ನು ಇಲ್ಲಿಗೇ ನಿಲ್ಲಿಸಿ ಹೇಳಿದ್ದೇವೆ. ಚಪ್ಪಾಳೆಯೂ ಬಿದ್ದಿದೆ.

ಕೊನೆಯ ನಿಮಿಷದಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಕೊನೆಯ ದಾಳಿಗೆ ಅವನೇ ಹೋದ. ಬಲಮೂಲೆಯವನು ಕಣಕಾಲು ಹಿಡಿದ, ಉಳಿದವರು ಮೇಲೆ ಬಿದ್ದರು. ಎರಡು ಅಂಕಗಳಿಂದ ಸೋತೆವು. ಅವನು ಇನ್ನೂ ಮಣ್ಣಿನಿಂದ ಎದ್ದಿರಲಿಲ್ಲ. ನಮ್ಮ ಕಡೆಯಿಂದ, ನಾವು ನಿಂತಿದ್ದಲ್ಲಿಂದಲೇ, ಒಂದು ಕೂಗು ಬಂತು: “ಪಾಕಿಸ್ತಾನಕ್ಕ ಹೋಗಲೇ!” ಅದರ ಹಿಂದೆ ನಗು. ಮತ್ತೊಂದು ಕೂಗು, ರೋಜಾ ಹಿಡಿದು ಆಡಲು ಯಾಕೆ ಬರಬೇಕಿತ್ತು ಎಂದು.

ಕೂಗಿದವನು ಹೊರಗಿನವನಲ್ಲ. ಹಿಂದಿನ ರಾತ್ರಿ ಬೇಳೆಗೆ ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡವನು. ನಾವು ಆರೂ ಜನ ಕೇಳಿಸಿಕೊಂಡೆವು. ನಮ್ಮಲ್ಲೊಬ್ಬ ಕಂಬದ ವೈರು ಬಿಚ್ಚತೊಡಗಿದ. ಒಬ್ಬ ಹಲಗಿಯವರ ದುಡ್ಡು ಎಣಿಸತೊಡಗಿದ. ನಮ್ಮಲ್ಲಿನ ಇಬ್ಬರು ಮುಸ್ಲಿಮರು ಮಗರಿಬ್ ನಮಾಝಿಗೆ ಹೊತ್ತಾಯಿತೆಂದು ಮಸೀದಿ ಕಡೆ ಹೊರಟರು, ಅವನಿಗಾಗಿ ಕಾಯದೆ. ಆ ವರ್ಷ ದೇಶದ ಗಾಳಿಯೇ ಹಾಗಿತ್ತು ಎಂದು ಆಮೇಲೆ ನಮಗೆ ನಾವೇ ಹೇಳಿಕೊಂಡೆವು. ಗಾಳಿ ಹೌದು. ಆದರೆ ಹಿಂದಿನ ರಾತ್ರಿಯ ಊಟ ಇನ್ನೂ ಅರಗಿರಲಿಲ್ಲ.

ಕಪ್ತಾನ ಮಾತ್ರ ಹೋಗಿ ಕೈಹಿಡಿದು ಎಬ್ಬಿಸಿದ. ಮುಂದಿನ ಹಂಗಾಮಿಗೆ ನಮ್ಮ ರೈಡರ್ ಬರಲಿಲ್ಲ. ಬಿ.ಎ. ಮುಗಿಸಿ ಇಚಲಕರಂಜಿಗೆ, ಮಗ್ಗದ ಕೆಲಸಕ್ಕೆ ಹೋದ ಎಂದು ತಿಳಿಯಿತು. ಬ್ಲೂ ಆಗಬೇಕಿದ್ದವನು.

ಆಮೇಲಿನದು ಬೇಗ ಹೇಳಬಹುದು. 2014ರಲ್ಲಿ ಪ್ರೊ ಕಬಡ್ಡಿ ಬಂತು, ಆಟ ಟಿ.ವಿ.ಗೆ ಏರಿತು. ಕಾಲೇಜು ಪಂದ್ಯಗಳು ಮಣ್ಣು ಬಿಟ್ಟು ಮ್ಯಾಟಿನ ಮೇಲೆ ಹತ್ತಿದವು, ಹುಡುಗರು ಬೂಟು ಹಾಕಿದರು. ಒಳ್ಳೆಯದೇ, ಮೊಣಕಾಲು ಉಳಿದವು. 2019ರ ಕೃಷ್ಣೆಯ ಮಹಾಪೂರದಲ್ಲಿ ನಮ್ಮ ಹಳೆಯ ಮೈದಾನದ ಪಕ್ಕದ ಕೋಣೆಗಳಲ್ಲಿ ಹೊಳೆದಂಡೆಯ ಜನ ದನಕರುಗಳೊಂದಿಗೆ ಇದ್ದು ಹೋದರು. ಅಂಕಣದಲ್ಲಿ ಈಗ ಹುಲ್ಲು. ಪಂದ್ಯ ಎಲ್ಲೋ ಮ್ಯಾಟು ಇರುವ ಕಡೆ, ಕೆಲಸದ ದಿನ, ನೋಡುವವರಿಲ್ಲದೆ ನಡೆದುಹೋಗುತ್ತದೆ.

ಕೊಡಗಿನ ಹಾಕಿ ಹಬ್ಬದ ಸುದ್ದಿ ಓದಿದಾಗಲೆಲ್ಲ ನಮಗೆ ಹೊಟ್ಟೆಯುರಿ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳಿಂದ ಶುರುವಾಗಿ 2024ರಲ್ಲಿ ನಾಪೋಕ್ಲುವಿಗೆ ಬರುವಷ್ಟರಲ್ಲಿ 360 ತಂಡಗಳಾದವು. ಅಜ್ಜಿ, ಮೊಮ್ಮಗ ಎಲ್ಲ ಮೈದಾನದಲ್ಲಿ. ನಮ್ಮದೂ ಒಂದು ದಿನ ಯಾಕಾಗಬಾರದು ಎಂದು ಹಳೆಯ ವಿದ್ಯಾರ್ಥಿಗಳು ಸೇರಿದೆವು. ಹುಲ್ಲು ಕೀಳಿಸಿ, ಮಣ್ಣು ಹಾಕಿಸಿ, ವರ್ಷಕ್ಕೊಮ್ಮೆ ಹಳಬರು ಮತ್ತು ಹೊಸಬರ ಪಂದ್ಯ.

ಸಭೆಯಲ್ಲಿ ಚರ್ಚೆ ಎಲ್ಲಿಗೋ ಹೋಯಿತು. ಈಗಿನ ಹುಡುಗರಿಗೆ ಹಲಗಿ ಸಾಲದು, ಡಿ.ಜೆ. ಬೇಕು. ಡಿ.ಜೆ.ಯಲ್ಲಿ ಯಾವ ಹಾಡು ಎಂಬ ಪ್ರಶ್ನೆ ಬಂತು, ಯಾವ ಘೋಷಣೆ, ಯಾವ ಬಣ್ಣದ ಬಾವುಟ ಎಂಬುದೂ. ಕಾಯಿ ಒಡೆಯುವುದು ಬೇಡವೆಂದು ಒಬ್ಬರು, ಬೇಕೇ ಬೇಕೆಂದು ಇನ್ನೊಬ್ಬರು. ಕಾಯಿ ಇರಲಿ ಎಂದು ಮೊದಲು ಹೇಳಿದವರು ನಮ್ಮ ಆರರಲ್ಲಿನ ಮುಸ್ಲಿಂ ಗೆಳೆಯರು. ಕಾಯಿಯಿಂದ ನಮಗೆ ಎಂದೂ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ಬಾಯಿಯಿಂದ. ಅದನ್ನು ಆ ಸಭೆಯಲ್ಲಿ ಹೇಳಲು ಆಗಲಿಲ್ಲ. ಕೂಗಿದವನೂ ಅಲ್ಲೇ ಕೂತಿದ್ದ. ಮಣ್ಣಿನ ಖರ್ಚಿಗೆ ಎಲ್ಲರಿಗಿಂತ ಹೆಚ್ಚು ಕೊಟ್ಟವನೂ ಅವನೇ.

ಹಿಂದಿನ ರಾತ್ರಿಯ ಊಟ ಯಾರ ಮನೆಯಲ್ಲಿ ಎಂದು ಪಿ.ಡಿ. ಸರ್ ಕೇಳಿದಾಗ ಸಭೆ ತಣ್ಣಗಾಯಿತು. ನಿವೃತ್ತರಾಗಿ ವರ್ಷಗಳಾಗಿವೆ, ಕಿವಿ ಮಂದ. ಆದರೂ ಏನನ್ನೂ ಮರೆತಿರಲಿಲ್ಲ ಎಂದು ಕಾಣುತ್ತದೆ. “ಇಚಲಕರಂಜಿಗೆ ಯಾರ್ಯಾರು ಹೋಗ್ತೀರಿ?” ಎಂದರು.

ನಾವು ಹೋದೆವು. ಐವರು. ಆರನೆಯವನು ಈಗಿಲ್ಲ. ಅವನಿಗೆ ಈಗ ಮಗ್ಗದ ಬಿಡಿಭಾಗಗಳ ಸಣ್ಣ ಅಂಗಡಿ. ಗಡ್ಡ ನೆರೆತಿದೆ, ಹೊಟ್ಟೆ ಬಂದಿದೆ, ಆದರೆ ಕೂರುವುದು ಇನ್ನೂ ಅದೇ ಕುಕ್ಕರಗಾಲಿನಲ್ಲಿ. ಚಹಾ ತರಿಸಿದ. ಮಣ್ಣು ಎಲ್ಲಿಂದ ತರಿಸುತ್ತೀರಿ, ನೀರು ಹೊಡೆಯುವವರು ಯಾರು ಎಂದು ಕೇಳಿದ. ನಾವು ಎಂದೆವು. ನಕ್ಕ. ಆ ಸಂಜೆಯ ಮಾತು ತೆಗೆಯಲು ನಾವು ತಡವರಿಸುತ್ತಿದ್ದುದನ್ನು ನೋಡಿ ಅವನೇ ಹೇಳಿದ:

“ಆ ಮಾತು ಅಂದವನ ದನಿ ನನಗ ಆವತ್ತ ಗೊತ್ತಾಗಿತ್ತು, ದೋಸ್ತ. ಅದನ್ನ ಯಾವಾಗೋ ಬಿಟ್ಟೀನಿ. ಮಣ್ಣಾಗ ಬಿದ್ದಲ್ಲಿಂದ ತಲಿ ಎತ್ತಿ ನಿಮ್ಮ ಕಡೆ ನೋಡಿದೆ. ನೀವು ವೈರ್ ಬಿಚ್ಚಾಕ ಹತ್ತಿದ್ರಿ.”

ವೈರು ಬಿಚ್ಚಿದವನು ನಮ್ಮ ಜೊತೆಗೇ ಇದ್ದ. ಅವನು ಚಹಾದ ಲೋಟ ಕೆಳಗಿಟ್ಟು ಏನೋ ಹೇಳಲು ಹೋದ, ಆಗಲಿಲ್ಲ. ಹೊರಗೆ ಮಗ್ಗಗಳ ಸದ್ದು. ಗಿರಾಕಿಯೊಬ್ಬ ಬಂದು ಏನೋ ಪಟ್ಟಿ ಕೇಳಿದ, ಕೊಟ್ಟು ಕಳಿಸಿದ.

ಊಟದ ಮಾತನ್ನು ನಾವು ಎತ್ತಲಿಲ್ಲ, ಧೈರ್ಯವಾಗಲಿಲ್ಲ. ಅಮ್ಮಿ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದ. ಹೊರಡುವಾಗ ಬಾಗಿಲ ತನಕ ಬಂದು ಕೇಳಿದ: “ಯಾವ ವಾರ ಇಟ್ಟೀರಿ ಮ್ಯಾಚು?”

ಶುಕ್ರವಾರ ಎಂದೆವು. ಅವತ್ತೇ ಹುಡುಗರಿಗೆ ಬಿಡುವು.

“ಹಂಗಾರ ಜುಮ್ಮಾ ಆದಮ್ಯಾಲ ಇಡ್ರಿ. ಮೂರರ ನಂತರ. ಬರ್ತೀನಿ ಅಂತ ಮಾತು ಕೊಡೂದಿಲ್ಲ. ಆದರೂ ಮೂರರ ನಂತರ ಇಡ್ರಿ.”

ಕಾಗವಾಡದ ಬಸ್ಸಿನಲ್ಲಿ ಕೂತ ಮೇಲೆ ಪಿ.ಡಿ. ಸರ್‌ಗೆ ಫೋನ್ ಮಾಡಿದೆವು. ಕರಪತ್ರ ಆಗಲೇ ಪ್ರೆಸ್ಸಿಗೆ ಹೋಗಿತ್ತು, ಅದರಲ್ಲಿ ಹನ್ನೆರಡೂವರೆ ಎಂದಿತ್ತು. ನಿಲ್ಲಿಸಲು ಹೇಳಿದರು.