ಕೂಡಿದ ಎಲುಬು, ಕೇಳದ ಪ್ರಶ್ನೆ

ವಿದ್ಯಾರ್ಥಿಗಳನ್ನು ಪ್ರಶ್ನಿಸುವುದು ನಮ್ಮ ಕಸುಬು. ದಿನಕ್ಕೆ ಐದಾರು ತರಗತಿಗಳಲ್ಲಿ ನಿಂತು ಪ್ರಶ್ನೆ ಹಾಕುವುದೂ, ಉತ್ತರ ಬಾರದಿದ್ದಾಗ ಹುಬ್ಬು ಗಂಟಿಕ್ಕುವುದೂ ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾವು ನಮ್ಮ ಮನೆಯಲ್ಲಿಯೇ ನಾಲ್ಕು ವರ್ಷಗಳ ಕಾಲ ಕೇಳದೆ ಉಳಿದೆವು. ಅದನ್ನು ನಮಗೆ ಕಲಿಸಿಕೊಟ್ಟವಳು ಇದೇ ಶಾಲೆಯ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಆ ಋಣವನ್ನು ಈ ಪುಟಗಳಲ್ಲಿ ಒಪ್ಪಿಕೊಳ್ಳುವುದು ಉಚಿತವೆಂದು ತೋರಿತು.

ನಮ್ಮ ತಾಯಿಯವರು ಕುಂದಾಪುರದ ಕಡೆಯವರು. ಊರಿನಲ್ಲಿದ್ದಾಗಲೇ ಒಮ್ಮೆ ಹೊಸ್ತಿಲು ಎಡವಿ, ಕೈಯೂರಿ ಬಿದ್ದು, ಮಣಿಕಟ್ಟಿನ ಎಲುಬು ಮುರಿದುಕೊಂಡರು. ಆರು ವಾರ ಪ್ಲಾಸ್ಟರು ಹಾಕಿದರು. ತೆಗೆದಾಗ ಕೈ ತುಸು ಸೊಟ್ಟಗಾಗಿತ್ತು. ‘ವಯಸ್ಸಾಯಿತು, ಇದೆಲ್ಲ ಸಹಜ’ ಎಂದು ನೆಂಟರಿಷ್ಟರು ನುಡಿದರು. ರಜೆ ಹಾಕಿ ಹೋಗಿ ನೋಡಿದ ನಾವೂ ಹಾಗೆಯೇ ನುಡಿದು ಹಿಂದಿರುಗಿದೆವು. ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಮುಂಬಯಿಗೆ ಬಂದು, ನಮ್ಮ ಚಾಳಿನ ಒಂದೂವರೆ ಕೋಣೆಯ ಮನೆಯಲ್ಲಿ ನೆಲಸಿದರು. ಅಂಗಳ, ತೋಟ, ಬಾವಿಕಟ್ಟೆ ಎಂದು ಹಗಲೆಲ್ಲ ಬಿಸಿಲಿನಲ್ಲಿ ಓಡಾಡಿದ ಜೀವಕ್ಕೆ ಇಲ್ಲಿ ದಕ್ಕಿದ್ದು ಮಧ್ಯಾಹ್ನ ಅರ್ಧ ಗಂಟೆ ಗ್ಯಾಲರಿಯ ಅಂಚಿಗೆ ಬಂದು ಹೋಗುವ ಬಿಸಿಲು ಮಾತ್ರ.

ಎರಡು ಮಳೆಗಾಲಗಳ ಹಿಂದಿನ ಮಾತು. ಗ್ಯಾಲರಿಯ ತುದಿಯ ದೀಪ ಕೆಟ್ಟು ಮೂರು ದಿನಗಳಾಗಿದ್ದವು. ಮಳೆಯ ಎರಚಲಿಗೆ ನೆಲವೆಲ್ಲ ಒದ್ದೆ. ರಾತ್ರಿ ಪಾಯಖಾನೆಗೆಂದು ಎದ್ದ ತಾಯಿಯವರು ಜಾರಿ ಬಿದ್ದರು. ದೊಡ್ಡ ಬೀಳುವಿಕೆಯೇನಲ್ಲ; ನಿಂತ ನೆಲದಿಂದ ನೆಲಕ್ಕೆ. ಆದರೂ ಏಳಲಾಗಲಿಲ್ಲ. ನೆರೆಯ ಮರಾಠಿ ಹುಡುಗರು ಕುರ್ಚಿಯ ಮೇಲೆ ಕೂರಿಸಿ ಮೂರು ಅಂತಸ್ತು ಇಳಿಸಿದರು. ಆ ಮೆಟ್ಟಿಲುಗಳ ಮೇಲೆ ಕೇಳಿದ ನರಳಿಕೆಯನ್ನು ನಾವು ಇಂದಿಗೂ ಮರೆತಿಲ್ಲ.

ಸೊಂಟದ ಕೀಲಿನ ಬಳಿ ತೊಡೆಯೆಲುಬಿನ ಕತ್ತು ಮುರಿದಿತ್ತು. ಆಸ್ಪತ್ರೆಯವರು ಮೂರನೆಯ ದಿನ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಅವರ ಕೈಚಳಕಕ್ಕೆ ನಾವು ಕೈಮುಗಿದೆವು. ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ ಹೊಲಿಗೆ ಬಿಚ್ಚುವ ದಿನವಿತ್ತು, ನೋವಿನ ಗುಳಿಗೆಯಿತ್ತು, ಒಂದು ಕ್ಯಾಲ್ಸಿಯಂ ಗುಳಿಗೆಯೂ ಇತ್ತು. ಅಷ್ಟು ಸುಲಭವಾಗಿ ಎಲುಬು ಏಕೆ ಮುರಿಯಿತೆಂಬ ವಿಷಯ ಮಾತ್ರ ಅದರಲ್ಲಿರಲಿಲ್ಲ. ನಾವೂ ಕೇಳಲಿಲ್ಲ. ಕಾಗದವನ್ನು ಮಡಿಸಿ ಟ್ರಂಕಿನಲ್ಲಿಟ್ಟೆವು.

ಎರಡು ತಿಂಗಳ ಬಳಿಕ ಆ ಹುಡುಗಿ ಪುಸ್ತಕ ಹಿಂದಿರುಗಿಸಲು ಮನೆಗೆ ಬಂದಳು. ಅಜ್ಜಿಯ ಕತೆಯನ್ನೆಲ್ಲ ಕೇಳಿದಳು. ಸೊಟ್ಟಗಿನ ಮಣಿಕಟ್ಟನ್ನೂ ನೋಡಿದಳು. ಬಳಿಕ ನಮ್ಮ ಕಡೆಗೆ ತಿರುಗಿ, “ಸರ್, ನಾವು ಕಬಡ್ಡಿಯಲ್ಲಿ ದಿನವೂ ಬೀಳುತ್ತೇವೆ. ನಮ್ಮ ಎಲುಬು ಮುರಿಯುವುದಿಲ್ಲ. ಅಜ್ಜಿಯದು ಮಾತ್ರ ಎರಡು ಸಲ ಏಕೆ ಮುರಿಯಿತು?” ಎಂದು ಕೇಳಿದಳು.

ತರಗತಿಯಲ್ಲಾಗಿದ್ದರೆ ‘ನಾಳೆ ಹೇಳುತ್ತೇನೆ’ ಎಂದು ಜಾರಿಕೊಳ್ಳುತ್ತಿದ್ದೆವೇನೋ. ತಾಯಿಯವರೂ ನಮ್ಮ ಮುಖವನ್ನೇ ನೋಡುತ್ತಿದ್ದುದರಿಂದ ಜಾರಿಕೊಳ್ಳಲು ದಾರಿಯಿರಲಿಲ್ಲ. ಮರುದಿನವೇ ಟ್ರಂಕಿನಿಂದ ಕಾಗದ ತೆಗೆದುಕೊಂಡು ಬೇರೊಬ್ಬ ವೈದ್ಯರಲ್ಲಿಗೆ ಹೋದೆವು.

ಅವರು ತಾಳ್ಮೆಯಿಂದ ತಿಳಿಸಿದ್ದನ್ನು ನಿಮಗೂ ತಿಳಿಸುತ್ತೇವೆ. ಎಲುಬು ಜಡವಾದ ಕಂಬವಲ್ಲ, ಸಜೀವ ವಸ್ತು. ಹಳೆಯ ಎಲುಬು ಕರಗುವುದೂ ಹೊಸತು ಕಟ್ಟುವುದೂ ಜೀವಮಾನವಿಡೀ ನಡೆದೇ ಇರುತ್ತವೆ. ಎಳೆಯ ವಯಸ್ಸಿನಲ್ಲಿ ಕಟ್ಟುವ ಕೆಲಸ ಮುಂದು. ಮುಪ್ಪಿನಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲೆ, ಕರಗುವ ಕೆಲಸ ಮುಂದು. ಹೀಗೆ ಎಲುಬು ಒಳಗೊಳಗೇ ಟೊಳ್ಳಾಗುವುದಕ್ಕೆ ಆಸ್ಟಿಯೊಪೊರೋಸಿಸ್ ಎಂದು ಹೆಸರು. ನೋವಿಲ್ಲ, ಜ್ವರವಿಲ್ಲ, ಮುರಿಯುವವರೆಗೆ ಸುಳಿವೇ ಇಲ್ಲ. ಮಣಿಕಟ್ಟು ಮುರಿದಾಗಲೇ ಗೆದ್ದಲು ಹಿಡಿದ ತೊಲೆ ಒಮ್ಮೆ ಸದ್ದು ಮಾಡಿತ್ತು. ನಾವು ತೊಲೆಯನ್ನು ನೋಡದೆ, ಬಿದ್ದ ಹಂಚನ್ನು ಮಾತ್ರ ಜೋಡಿಸಿದ್ದೆವು.

“ಎಲುಬು ಕೂಡಿದರೂ ರೋಗ ಹಾಗೆಯೇ ಉಳಿದಿದೆ. ಇನ್ನೊಂದು ಸೊಂಟವೂ ಇದೆಯಲ್ಲ, ಮಾಸ್ತರರೇ?” ಎಂದರು ವೈದ್ಯರು. ನಮಗೆ ಕುಳಿತಲ್ಲಿಯೇ ಬೆವರು ಬಂದಿತು.

ಸೊಂಟ ಮುರಿದ ವೃದ್ಧರಲ್ಲಿ ಅನೇಕರು ವರುಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಬದುಕುಳಿದವರಲ್ಲಿಯೂ ಎಲ್ಲರೂ ಮೊದಲಿನಂತೆ ನಡೆಯಲಾರರು. ಆದರೆ ಎರಡನೆಯ ಮುರಿತವನ್ನು ತಡೆಯಲು ಮದ್ದುಂಟು. 2007ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಸೊಂಟದ ಶಸ್ತ್ರಚಿಕಿತ್ಸೆಯಾದ 2,127 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಜೋಲೆಡ್ರೋನಿಕ್ ಆಮ್ಲವೆಂಬ ಮದ್ದನ್ನು ವರುಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಟ್ಟರು. ಡಿ ಜೀವಸತ್ತ್ವವೂ ಕ್ಯಾಲ್ಸಿಯಮ್ಮೂ ಎಲ್ಲರಿಗೂ ದೊರೆತಿದ್ದವು. ಮುಂದೆ, ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ ಮತ್ತೆ ಎಲುಬು ಮುರಿಯಿತು. ಪಡೆಯದವರಲ್ಲಿ ಸುಮಾರು 14 ಮಂದಿಗೆ. ಸತ್ತವರ ಸಂಖ್ಯೆಯೂ ಮದ್ದು ಪಡೆದವರಲ್ಲಿ ಕಡಿಮೆಯಿತ್ತು. ಬರಿಯ ಕ್ಯಾಲ್ಸಿಯಂ ಗುಳಿಗೆಯಿಂದ ಕೆಲಸ ಮುಗಿಯಿತೆಂದು ನಂಬಿದ್ದ ನಮ್ಮಂಥವರು ಇದನ್ನು ಗಮನಿಸಬೇಕು.

ಹಾಗಾದರೆ ಇಂತಹ ಚಿಕಿತ್ಸೆ ಏಕೆ ತಪ್ಪಿಹೋಗುತ್ತದೆ? ಎಲುಬಿನ ವೈದ್ಯರು ‘ಮದ್ದಿನ ವೈದ್ಯರು ನೋಡಿಕೊಳ್ಳುವರು’ ಎಂದು ಭಾವಿಸುತ್ತಾರೆ. ಮದ್ದಿನ ವೈದ್ಯರು ‘ಮುರಿತವೆಂದರೆ ಅವರ ವಿಷಯ’ ಎಂದು ಬಿಡುತ್ತಾರೆ. ಮನೆಯವರು ‘ನಡೆದಾಡಿದರಲ್ಲ, ಗುಣವಾಯಿತು’ ಎಂದು ಸಂತೋಷಪಡುತ್ತಾರೆ. ಹತ್ತು ಮಂದಿಯ ಕೆಲಸ ಯಾರ ಕೆಲಸವೂ ಅಲ್ಲದಂತಾಗುತ್ತದೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ 1999ರಲ್ಲಿ ಇದಕ್ಕೊಂದು ಸರಳ ಉಪಾಯ ಹೂಡಿದರು: ಎಲುಬು ಮುರಿದು ಬಂದ ಹಿರಿಯರನ್ನು ಗುರುತಿಸಿ, ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿ, ಮದ್ದು ದೊರೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ಅದಕ್ಕಾಗಿಯೇ ನೇಮಿಸಿದ ದಾದಿಯರಿಗೆ ಒಪ್ಪಿಸಿದರು. ಬಳಿಕ ಇಂತಹ ವ್ಯವಸ್ಥೆಯನ್ನು ಎಲ್ಲೆಡೆ ಹರಡಲು ಅಂತರರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಪ್ರತಿಷ್ಠಾನವು 2012ರಲ್ಲಿ ಒಂದು ಕಾರ್ಯಕ್ರಮವನ್ನೇ ಆರಂಭಿಸಿತು. ಅಂತಹ ದಾದಿಯಿಲ್ಲದ ಕಡೆ ಆ ಹೊಣೆಯನ್ನು ಮನೆಯವರೇ ಹೊರಬೇಕು.

ನಮ್ಮ ತಾಯಿಯವರಿಗೆ ಮೊದಲು ರಕ್ತಪರೀಕ್ಷೆಯಾಯಿತು. ಡಿ ಜೀವಸತ್ತ್ವ ತೀರ ಕಡಿಮೆಯಿತ್ತು. ಅದನ್ನು ತುಂಬಿಸಿದ ಮೇಲೆ ವಾರಕ್ಕೊಂದರಂತೆ ಅಲೆಂಡ್ರೋನೇಟ್ ಎಂಬ ಗುಳಿಗೆ ಬಂದಿತು. ಅದರ ಕಟ್ಟುಪಾಡು ಬಲು ಬಿಗಿ. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಒಂದು ತುಂಬು ಲೋಟ ಬರಿಯ ನೀರಿನೊಡನೆ ನುಂಗಬೇಕು. ಮುಂದಿನ ಅರ್ಧ ಗಂಟೆ ಮಲಗಕೂಡದು. ಏನನ್ನೂ ತಿನ್ನಕೂಡದು, ಕುಡಿಯಕೂಡದು. ಮಲಗಿದರೆ ಮದ್ದು ಅನ್ನನಾಳವನ್ನು ಸುಡುವುದುಂಟು; ಕಾಫಿ ಕುಡಿದರೆ ಮದ್ದು ಮೈಗೆ ಹತ್ತದು. ಭಾನುವಾರ ಬೆಳಗ್ಗೆ ನಮ್ಮ ಮಗ ಗಡಿಯಾರ ಹಿಡಿದು ಅಜ್ಜಿಯ ಮುಂದೆ ಕಾವಲು ಕೂರುತ್ತಾನೆ. “ವಾರಕ್ಕೊಂದು ಏಕಾದಶಿ ಬಂದ ಹಾಗಾಯಿತು ಮಗಾ” ಎಂದು ತಾಯಿಯವರು ಅಡುಗೆಮನೆಯಿಂದ ಬರುವ ಕಾಫಿಯ ಪರಿಮಳದತ್ತ ಮುಖ ತಿರುಗಿಸಿ ನಿಟ್ಟುಸಿರಿಡುತ್ತಾರೆ. ಅರ್ಧ ಗಂಟೆಯಾದೊಡನೆ ಮಗ ಚಪ್ಪಾಳೆ ತಟ್ಟುತ್ತಾನೆ, ಲೋಟ ಬರುತ್ತದೆ.

ಗ್ಯಾಲರಿಯ ದೀಪವನ್ನು ಈಗ ನಾವು ಚಾಳಿನವರೆಲ್ಲ ಸರದಿಯಂತೆ ನೋಡಿಕೊಳ್ಳುತ್ತೇವೆ. ಪಾಯಖಾನೆಯ ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ತಾಯಿಯವರು ಕೋಲೂರಿ ಗ್ಯಾಲರಿಯಲ್ಲಿ ದಿನಕ್ಕೆ ನಾಲ್ಕು ಸುತ್ತು ನಡೆಯುತ್ತಾರೆ. ಇನ್ನು ಮುರಿಯಲಾರದೆಂದು ವೈದ್ಯರು ಮಾತು ಕೊಟ್ಟಿಲ್ಲ. ಆದರೆ ಭಯ ಕಡಿಮೆಯಾಗಿದೆಯೆಂದಿದ್ದಾರೆ. ನಮಗೆ ಅಷ್ಟೇ ದೊಡ್ಡದು. ಮಣಿಕಟ್ಟು ಮುರಿದಾಗಲೇ ಕೇಳಿದ್ದರೆ ಸೊಂಟ ಉಳಿಯುತ್ತಿತ್ತೇನೋ ಎಂಬ ಕೊರಗು ಮಾತ್ರ ಹೋಗಿಲ್ಲ.

ಎಳೆಯ ಗೆಳೆಯರೇ, ನಿಮ್ಮ ಎಲುಬಿನ ಗಂಟು ಕೂಡುತ್ತಿರುವುದು ಈಗಲೇ. ಅದರ ಹೆಚ್ಚಿನ ಭಾಗ ಇಪ್ಪತ್ತರ ಆಸುಪಾಸಿನೊಳಗೆ ಕೂಡಿಬಿಡುತ್ತದೆ. ಮುಂದಿನದೆಲ್ಲ ಬಹುಮಟ್ಟಿಗೆ ಅದರ ಖರ್ಚು. ಹಾಲು, ಮೊಸರು, ರಾಗಿ, ಎಳ್ಳು, ನುಗ್ಗೆಸೊಪ್ಪುಗಳನ್ನು ತಟ್ಟೆಯಂಚಿಗೆ ದೂಡಬೇಡಿರಿ. ಬಿಸಿಲಿನಲ್ಲಿ ಆಡಿರಿ, ಬಿದ್ದು ಏಳಿರಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಸುಮ್ಮನೆ ಎಡವಿ ಎಲುಬು ಮುರಿದುಕೊಂಡಿದ್ದರೆ, ಹಿರಿಯರನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ ಏಕೆ ಮುರಿಯಿತೆಂದು ಕೇಳಿರಿ. ದೊಡ್ಡವರು ಕೇಳಿರಬಹುದೆಂದು ಸುಮ್ಮನಿರಬೇಡಿರಿ. ನಾವು ದೊಡ್ಡವರಾಗಿದ್ದೂ ಕೇಳಿರಲಿಲ್ಲ.